ಶೇಸ್ ದಂಗೆಯನ್ನು ಒಂದು ಸಂಜೆಯಲ್ಲಿ ಹೇಳುವುದು ಹೇಗೆ: ಪುಣೆಯ ಕನ್ನಡ ಗುಂಪುಗಳಿಗೆ

ಅಮೆರಿಕದ ಮ್ಯಾಸಚೂಸೆಟ್ಸ್‌ನ ರೈತರು 1786ರಲ್ಲಿ ಕೋವಿ ಹಿಡಿದು ಹೋಗಿ ಕೋರ್ಟುಗಳನ್ನೇ ಮುಚ್ಚಿಸಿದ ಕತೆ ನಮ್ಮವರಿಗೆ ಬೇಗ ಹಿಡಿಸುತ್ತದೆ. ವಾಕಡ್‌ನಲ್ಲಿ ಫ್ಲ್ಯಾಟ್, ಹಿಂಜವಡಿಯಲ್ಲಿ ಕೆಲಸ, ಆದರೆ ವಿಜಯಪುರದ ಕಡೆಯೋ ಅಥಣಿಯ ಕಡೆಯೋ ಅಪ್ಪನ ಹೆಸರಲ್ಲಿ ಇನ್ನೂ ಹೊಲ ಇರುವ ಜನ ಇಲ್ಲಿ ಜಾಸ್ತಿ. ಬೆಳೆಸಾಲ ಯಾವುದು, ಸೊಸೈಟಿ ಸಾಲ ಯಾವುದು, ಸಾವಕಾರನ ಕೈಗಡ ಯಾವುದು ಅಂತ ಇವರಿಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ನಿಮ್ಮ ಕನ್ನಡ ಗುಂಪಿನ ತಿಂಗಳ ಸಭೆಗೆ ಇತಿಹಾಸದ ವಿಷಯ ಬೇಕಿದ್ದರೆ ಇದನ್ನು ತೆಗೆದುಕೊಳ್ಳಿ. ಎರಡು ಗಂಟೆ ಸಾಕು. ಪ್ರೊಜೆಕ್ಟರ್ ಬೇಡ, ಐದು ಕುರ್ಚಿ, ಒಂದಿಷ್ಟು ಚೀಟಿ, ಒಂದು ಹಿಡಿ ನಾಣ್ಯ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೇನಿಯಲ್ ಶೇಸ್ ಅನ್ನುವ ಹೆಸರಿನಿಂದ ಶುರು ಮಾಡಬೇಡಿ. ಫಿರಂಗಿಯಿಂದಂತೂ ಬೇಡವೇ ಬೇಡ. ಹಾಗೆ ಶುರು ಮಾಡಿದರೆ ಜನ ಒಬ್ಬ ಹೀರೋನನ್ನು ಹುಡುಕುತ್ತಾರೆ, ಅವನು ಗೆದ್ದನಾ ಸೋತನಾ ಅಂತ ಕೇಳುತ್ತಾರೆ, ಸೋತ ಅಂದ ಕೂಡಲೇ ಅರ್ಧ ಜನ ಫೋನ್ ತೆಗೆಯುತ್ತಾರೆ. ಇದು ಒಬ್ಬನ ಕತೆ ಅಲ್ಲ. ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನ ಲ್ಯೂಕ್ ಡೇ, ಬರ್ಕ್‌ಶೈರ್‌ನ ಇಲೈ ಪಾರ್ಸನ್ಸ್, ಗ್ರೋಟನ್‌ನ ಜಾಬ್ ಶಾಟಕ್, ಹೀಗೆ ಊರೂರಿಗೆ ಒಬ್ಬೊಬ್ಬ ಮುಂದಾಳು ಇದ್ದ. ಶೇಸ್ ಹೆಸರು ಅಂಟಿಕೊಂಡಿತು, ಅಷ್ಟೆ. ಈ ರೈತರು ತಮ್ಮನ್ನು ರೆಗ್ಯುಲೇಟರ್‌ಗಳು, ಅಂದರೆ ಆಡಳಿತವನ್ನು ಸರಿದಾರಿಗೆ ತರುವವರು, ಅಂತ ಕರೆದುಕೊಂಡರು. 1771ರಲ್ಲಿ ನಾರ್ತ್ ಕ್ಯಾರೋಲಿನಾದಲ್ಲಿ ಗವರ್ನರ್ ಸೈನ್ಯದ ಎದುರು ಸೋತ ರೈತರೂ ಅದೇ ಹೆಸರಿಟ್ಟುಕೊಂಡಿದ್ದರು.

ಶುರು ಮಾಡಬೇಕಾದದ್ದು ಉದ್ರಿಯಿಂದ.

ಐದು ಕುರ್ಚಿ ಸಾಲಾಗಿ ಹಾಕಿ. ಮೊದಲನೆಯದು ಲಂಡನ್ನಿನ ಸಗಟು ವ್ಯಾಪಾರಿ. ಎರಡನೆಯದು ಬಾಸ್ಟನ್ ಬಂದರಿನ ವ್ಯಾಪಾರಿ. ಮೂರನೆಯದು ಒಳನಾಡಿನ ಊರಿನ ಅಂಗಡಿಯವ. ನಾಲ್ಕನೆಯದು ರೈತ. ಐದನೆಯದನ್ನು ಸ್ವಲ್ಪ ದೂರದಲ್ಲಿ, ಎತ್ತರದ ಜಾಗದಲ್ಲಿ ಇಡಿ, ಅದು ನ್ಯಾಯಾಧೀಶರದ್ದು. ರೈತನ ಕುರ್ಚಿಗೆ ಯುದ್ಧದಿಂದ ವಾಪಸ್ ಬಂದವನು ಅಂತ ಒಂದು ಚೀಟಿ ಅಂಟಿಸಿ, ಏಕೆಂದರೆ ಇವರಲ್ಲಿ ಬಹಳ ಮಂದಿ ಬ್ರಿಟಿಷರ ವಿರುದ್ಧ ಹೋರಾಡಿ ಆಗಷ್ಟೇ ಮನೆಗೆ ಬಂದವರು. ಯುದ್ಧ ಮುಗಿದ ಒಪ್ಪಂದ ಆದದ್ದು 1783ರಲ್ಲಿ.

ಈಗ ಸಾಮಾನು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಬಟ್ಟೆ, ಪಾತ್ರೆ, ಕಬ್ಬಿಣದ ಸಲಕರಣೆ. ಪ್ರತಿ ಕುರ್ಚಿಯೂ ಮೇಲಿನ ಕುರ್ಚಿಗೆ ಒಂದು ಚೀಟಿ ಬರೆದುಕೊಡಬೇಕು, ಇಷ್ಟು ಬಾಕಿ ಅಂತ. ಅಂಗಡಿಯವನಿಗೂ ರೈತನಿಗೂ ನಡುವೆ ಮೊದಲಿಂದ ಕಾಳು, ಕಟ್ಟಿಗೆ, ಕೂಲಿ, ದನ ಏನು ಬೇಕಾದರೂ ಲೆಕ್ಕಕ್ಕೆ ಜಮಾ ಆಗುತ್ತಿತ್ತು. ನಗದು ತೀರಾ ಕಡಿಮೆ. ವರ್ಷಾನುಗಟ್ಟಲೆ ಲೆಕ್ಕ ಹಾಗೇ ತೆರೆದಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ನೀವು ಲಂಡನ್ ಕುರ್ಚಿಯವರ ಕಿವಿಯಲ್ಲಿ ಒಂದು ಮಾತು ಹೇಳಿ: ಇನ್ನು ಉದ್ರಿ ಇಲ್ಲ, ಬಾಕಿ ಪೂರ್ತಿ ಬೇಕು, ಅದೂ ಬೆಳ್ಳಿ ಚಿನ್ನದ ನಾಣ್ಯದಲ್ಲೇ ಬೇಕು. ಅವರು ಬಾಸ್ಟನ್ನಿನವರನ್ನು ಕೇಳುತ್ತಾರೆ, ಬಾಸ್ಟನ್ನಿನವರು ಅಂಗಡಿಯವನನ್ನು, ಅಂಗಡಿಯವನು ರೈತನನ್ನು. ರೈತನ ಕೈಗೆ ಎರಡೇ ಎರಡು ನಾಣ್ಯ ಕೊಟ್ಟಿರಿ. ಅವನು ಜೋಳ ತಗೋ ಅಂತಾನೆ, ಬೇಡ ಅಂತಾರೆ. ಎತ್ತು ತಗೋ ಅಂತಾನೆ, ಬೇಡ, ನಾಣ್ಯ ಕೊಡು ಅಂತಾರೆ. ನಮ್ಮ ಗುಂಪಿನಲ್ಲಿ ಇದನ್ನು ಆಡಿಸಿದಾಗ ರೈತನ ಕುರ್ಚಿಯಲ್ಲಿ ಕೂತಿದ್ದ ಬ್ಯಾಂಕ್ ನೌಕರರೊಬ್ಬರು ನಿಜವಾಗಿಯೂ ಸಿಟ್ಟಾದರು. ಸಿಟ್ಟಾಗಲಿ ಬಿಡಿ, ಅದಕ್ಕೇ ಅಲ್ವಾ ಈ ಆಟ.

ರೈತ ಕೊಡಲಾರ ಅಂದಾಗ ಅಂಗಡಿಯವನು ಎದ್ದು ಐದನೇ ಕುರ್ಚಿಯ ಹತ್ತಿರ ಹೋಗಬೇಕು. ನ್ಯಾಯಾಧೀಶರು ಚೀಟಿ ನೋಡಿ ಡಿಕ್ರಿ, ಅಂದರೆ ಸಾಲ ವಸೂಲಿಯ ತೀರ್ಪು, ಕೊಡುತ್ತಾರೆ. ಡಿಕ್ರಿ ಬಂತು ಅಂದರೆ ಜಪ್ತಿ: ದನ, ಹೊಲ, ಮನೆ. ಜಪ್ತಿಗೂ ಏನೂ ಸಿಗದಿದ್ದರೆ ಜೈಲು. ಸಾಲ ತೀರಿಸದ್ದಕ್ಕೇ ಜೈಲಿಗೆ ಹಾಕುವ ಕಾಲ ಅದು.

ಇಲ್ಲಿ ಒಂದು ನಿಮಿಷ ಆಟ ನಿಲ್ಲಿಸಿ ತೆರಿಗೆಯನ್ನು ಸೇರಿಸಿ. ಇದನ್ನು ಬಿಟ್ಟರೆ ಇಡೀ ಕತೆ ಸಾವಕಾರ ಕೆಟ್ಟವ, ರೈತ ಒಳ್ಳೆಯವ ಅನ್ನುವ ಹಳೇ ಸಿನಿಮಾ ಆಗಿಬಿಡುತ್ತದೆ. ಯುದ್ಧದ ಕಾಲದಲ್ಲಿ ಸೈನಿಕರಿಗೆ ಸಂಬಳದ ಬದಲು ಸರ್ಕಾರ ಸಾಲಪತ್ರ ಕೊಟ್ಟಿತ್ತು. ಆ ಕಾಗದ ಇಟ್ಟುಕೊಂಡು ಊಟ ಮಾಡಲಿಕ್ಕೆ ಆಗುತ್ತಾ? ಬಂದಷ್ಟು ದುಡ್ಡಿಗೆ, ಮುಖಬೆಲೆಯ ಒಂದು ಚೂರಿಗೆ ಮಾರಿಬಿಟ್ಟರು. ಕೊಂಡವರು ಬಂದರು ಪಟ್ಟಣಗಳ ದುಡ್ಡಿದ್ದವರು. ಆಮೇಲೆ ಮ್ಯಾಸಚೂಸೆಟ್ಸ್ ಸರ್ಕಾರ ಈ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು ಅಂತ ಭಾರಿ ತೆರಿಗೆ ಹಾಕಿತು, ಹೊಲದ ಮೇಲೆ, ಮತ್ತೆ 16 ವರ್ಷ ದಾಟಿದ ಪ್ರತಿ ಗಂಡಸಿನ ತಲೆಯ ಮೇಲೆ. ಅಂದರೆ ಸಂಬಳದ ಕಾಗದವನ್ನು ಪುಡಿಗಾಸಿಗೆ ಮಾರಿದ ಅದೇ ಸೈನಿಕ ಈಗ ಆ ಕಾಗದ ಕೊಂಡವನಿಗೆ ಬಡ್ಡಿ ಹೋಗಲಿ ಅಂತ ತೆರಿಗೆ ಕಟ್ಟಬೇಕು, ಅದೂ ಅವನ ಹತ್ತಿರ ಇಲ್ಲದ ನಾಣ್ಯದಲ್ಲಿ! ಈ ವಾಕ್ಯವನ್ನು ನಿಧಾನವಾಗಿ, ಬೇಕಿದ್ದರೆ ಎರಡು ಸಲ ಹೇಳಿ. ಇಡೀ ಸಂಜೆಯಲ್ಲಿ ಜನರಿಗೆ ನೆನಪಿರುವುದು ಇದೇ.

ಗವರ್ನರ್ ಹೆಸರುಗಳನ್ನು ಬೇಗ ಹೇಳಿ ಮುಗಿಸಿ. ಜಾನ್ ಹ್ಯಾನ್‌ಕಾಕ್ ಇದ್ದಾಗ ಬಾಕಿ ವಸೂಲಿಗೆ ಅಷ್ಟು ಜೋರು ಇರಲಿಲ್ಲ. 1785ರಲ್ಲಿ ಅವರು ರಾಜೀನಾಮೆ ಕೊಟ್ಟರು, ಜೇಮ್ಸ್ ಬೌಡನ್ ಬಂದರು, ಹಳೇ ಬಾಕಿಗೆಲ್ಲ ಪಟ್ಟು ಹಿಡಿದರು. ಪಕ್ಕದ ರೋಡ್ ಐಲೆಂಡ್‌ನಲ್ಲಿ ಸಾಲಗಾರರ ಒತ್ತಾಯಕ್ಕೆ ಸರ್ಕಾರ ಕಾಗದದ ಹಣ ಅಚ್ಚು ಹಾಕಿತು. ಮ್ಯಾಸಚೂಸೆಟ್ಸ್ ಒಪ್ಪಲಿಲ್ಲ.

ರೈತರು ಒಂದೇ ಸಲ ಕೋವಿ ಎತ್ತಿಕೊಳ್ಳಲಿಲ್ಲ, ಇದನ್ನು ಒತ್ತಿ ಹೇಳಿ. ಮೊದಲು ಅರ್ಜಿ ಬರೆದರು. ಊರಿನಿಂದ ಊರಿಗೆ ಸಭೆ ಸೇರಿದರು. 1786ರ ಆಗಸ್ಟ್‌ನಲ್ಲಿ ಹ್ಯಾಟ್‌ಫೀಲ್ಡ್ ಅನ್ನುವಲ್ಲಿ 50 ಊರುಗಳ ಪ್ರತಿನಿಧಿಗಳು ಕೂತು ದೂರುಗಳ ಪಟ್ಟಿ ಮಾಡಿದರು. ಶಾಸನಸಭೆ ಅಷ್ಟರಲ್ಲಿ ಅರ್ಜಿಗಳಿಗೆ ಏನೂ ಮಾಡದೆ ಎದ್ದು ಮನೆಗೆ ಹೋಗಿತ್ತು. ನಮ್ಮಲ್ಲಿ ಶಿವಮೊಗ್ಗ ಕಡೆಯವರು ಯಾರಾದರೂ ಇದ್ದರೆ 1830ರ ನಗರ ದಂಗೆಯನ್ನು ಇಲ್ಲಿ ನೆನಪಿಸಿ. ಅಲ್ಲಿಯೂ ರೈತರು ಮೊದಲು ಕೂಟ ಸೇರಿದರು, ಕಂದಾಯ ಕಟ್ಟುವುದಿಲ್ಲ ಅಂದರು, ಬೂದಿ ಬಸವಪ್ಪನ ಹೆಸರು ಮುಂದೆ ಬಂತು. ಕೊನೆಗೆ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ರೈತರ ದಂಗೆ ಸೋತರೂ ಸರ್ಕಾರದ ಆಕಾರ ಬದಲಾಗಬಹುದು ಅನ್ನುವುದಕ್ಕೆ ನಮ್ಮ ಮನೆಯದೇ ಉದಾಹರಣೆ ಇದು. ಆದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲಬೇಡಿ, ಅದಕ್ಕೆ ಬೇರೆ ಸಂಜೆ ಬೇಕು.

ಈಗ ಆಟಕ್ಕೆ ವಾಪಸ್ ಬನ್ನಿ. ರೈತನ ಕುರ್ಚಿಯವರನ್ನು ಕೇಳಿ: ನಿಮ್ಮ ಕಡೆ ಜನ ಇದ್ದಾರೆ, ಕೋವಿ ಇದೆ, ಏನು ಮಾಡುತ್ತೀರಿ? ಹೆಚ್ಚಿನವರು ಅಂಗಡಿಗೆ ನುಗ್ಗುತ್ತೇವೆ ಅನ್ನುತ್ತಾರೆ. ಮ್ಯಾಸಚೂಸೆಟ್ಸ್‌ನವರು ಹಾಗೆ ಮಾಡಲಿಲ್ಲ. ನೀವು ಸುಮ್ನೆ ಎದ್ದು ಹೋಗಿ ಐದನೇ ಕುರ್ಚಿಯನ್ನು ಎತ್ತಿ ಹೊರಗಿಡಿ. ಮುಗಿಯಿತು. ಕೋರ್ಟು ಕೂರದಿದ್ದರೆ ಡಿಕ್ರಿ ಇಲ್ಲ, ಡಿಕ್ರಿ ಇಲ್ಲದಿದ್ದರೆ ಜಪ್ತಿ ಇಲ್ಲ. ಚೀಟಿ ಹಾಗೇ ಇದೆ, ಸಾಲವನ್ನು ಯಾರೂ ಅಲ್ಲಗಳೆದಿಲ್ಲ, ಆದರೆ ಆಟ ನಿಂತುಹೋಯಿತು.

ಆಗಸ್ಟ್ 29ಕ್ಕೆ ನಾರ್ತಾಂಪ್ಟನ್ ಕೋರ್ಟಿನ ಬಾಗಿಲಿಗೆ ನೂರಾರು ಜನ ಬಂದು ನಿಂತರು, ಕೋರ್ಟು ಕೂರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ವುಸ್ಟರ್. ಅಲ್ಲಿಯ ಮುಖ್ಯ ನ್ಯಾಯಾಧೀಶ ಆರ್ಟಿಮಸ್ ವಾರ್ಡ್ ಸಾಮಾನ್ಯ ಮನುಷ್ಯ ಅಲ್ಲ, ವಾಷಿಂಗ್ಟನ್ ಬರುವುದಕ್ಕೆ ಮುಂಚೆ ಬಾಸ್ಟನ್ ಮುತ್ತಿಗೆಯಲ್ಲಿ ಸೈನ್ಯ ನಡೆಸಿದ ಜನರಲ್. ಅವರೆದುರು ಬಯನೆಟ್ ಹಿಡಿದು ನಿಂತವರು ಅದೇ ಯುದ್ಧದ ಹಳೇ ಸಿಪಾಯಿಗಳು. ವಾರ್ಡ್ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಭಾಷಣ ಮಾಡಿದರು, ಸಿಪಾಯಿಗಳು ಕೇಳಿಸಿಕೊಂಡರು, ದಾರಿ ಮಾತ್ರ ಬಿಡಲಿಲ್ಲ. ರೈತರು ಟೋಪಿಗೆ ಹೆಮ್ಲಾಕ್ ಮರದ ಹಸಿರು ಚಿಗುರು ಸಿಕ್ಕಿಸಿಕೊಂಡಿದ್ದರು, ಸರ್ಕಾರದ ಕಡೆಯವರು ಬಿಳಿ ಕಾಗದದ ತುಂಡು. ಮಕ್ಕಳು ಸಭೆಗೆ ಬಂದಿದ್ದರೆ ಅವರಿಗೆ ಈ ಕೆಲಸ ಕೊಡಿ, ಕಾಗದ ಮತ್ತು ಎಲೆ ಹಂಚಲಿ.

ಸ್ಥಳೀಯ ಸೈನ್ಯ ಕರೆದರೆ ಅವರೂ ರೈತರೇ, ಕೆಲವು ಕಡೆ ಬರಲೇ ಇಲ್ಲ, ಕೆಲವು ಕಡೆ ಬಂದು ಆಚೆ ಗುಂಪಿಗೆ ಸೇರಿದರು. ಹಾಗಾಗಿ ಶರತ್ಕಾಲದ ಉದ್ದಕ್ಕೂ ಕೋರ್ಟುಗಳು ಒಂದೊಂದೇ ಮುಚ್ಚಿದವು.

ಈಗ ಶೇಸ್‌ನನ್ನು ಕರೆತನ್ನಿ. ಪೆಲ್ಹಮ್ ಅನ್ನುವ ಸಣ್ಣ ಊರಿನ ರೈತ. ಬಂಕರ್ ಹಿಲ್, ಸರಟೋಗಾ ಕಾಳಗಗಳಲ್ಲಿ ಹೋರಾಡಿ ಕ್ಯಾಪ್ಟನ್ ಆದವನು. ಫ್ರಾನ್ಸಿನ ಲಾಫಯೆಟ್ ಕೊಟ್ಟ ಕತ್ತಿಯನ್ನು ಕಷ್ಟಕ್ಕೆ ಮಾರಿಕೊಂಡ ಅಂತ ಹೇಳುತ್ತಾರೆ. ಇಷ್ಟು ಸಾಕು.

ಸರ್ಕಾರದ ಕಡೆಯ ಕತೆಗೆ ಒಳ್ಳೆಯ ಓದುಗರೊಬ್ಬರನ್ನು ಇಡಿ, ಏಕೆಂದರೆ ಇಲ್ಲಿ ವ್ಯಂಗ್ಯ ಜಾಸ್ತಿ ಇದೆ. ಬ್ರಿಟಿಷರ ವಿರುದ್ಧ ಬಾಸ್ಟನ್ ಜನರನ್ನು ಎಬ್ಬಿಸಿದ ಸ್ಯಾಮ್ಯುಯೆಲ್ ಆಡಮ್ಸ್ ಈಗ ಗುಂಪು ಸೇರುವುದನ್ನು ಹತ್ತಿಕ್ಕುವ ಕಾಯ್ದೆಯ ಪರ ನಿಂತರು. ರಾಜನ ವಿರುದ್ಧ ದಂಗೆ ಎದ್ದರೆ ಕ್ಷಮಿಸಬಹುದು, ಗಣರಾಜ್ಯದ ವಿರುದ್ಧ ಎದ್ದವನಿಗೆ ಸಾವೇ ಸರಿ ಅನ್ನುವುದು ಅವರ ವಾದ. ನವೆಂಬರ್‌ನಲ್ಲಿ ಹೇಬಿಯಸ್ ಕಾರ್ಪಸ್ ಅಮಾನತಾಯಿತು, ಅಂದರೆ ವಿಚಾರಣೆ ಇಲ್ಲದೆ ಒಳಗೆ ಹಾಕಬಹುದು. ಸೈನ್ಯ ಕಟ್ಟಲು ಖಜಾನೆಯಲ್ಲಿ ದುಡ್ಡಿಲ್ಲ. ಆಗ ಬಾಸ್ಟನ್ ಸುತ್ತಿನ 125ಕ್ಕೂ ಹೆಚ್ಚು ವ್ಯಾಪಾರಿಗಳು ಕೈಯಿಂದ ದುಡ್ಡು ಹಾಕಿದರು, ಜನರಲ್ ಬೆಂಜಮಿನ್ ಲಿಂಕನ್ ಸುಮಾರು 3,000 ಜನರ ಸೈನ್ಯ ಕಟ್ಟಿದರು. (ಅಬ್ರಹಾಂ ಲಿಂಕನ್ ಇನ್ನೂ ಹುಟ್ಟಿಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ.) ಸಾಲ ಕೊಟ್ಟವರೇ ಸೈನ್ಯಕ್ಕೂ ದುಡ್ಡು ಕೊಟ್ಟರೆ ಅದು ಸರ್ಕಾರದ ಸೈನ್ಯವಾ, ವಸೂಲಿ ಸೈನ್ಯವಾ? ಈ ಪ್ರಶ್ನೆ ಎಸೆದು ಸುಮ್ಮನಿರಿ, ಹತ್ತು ನಿಮಿಷ ತಾನಾಗಿ ಹೋಗುತ್ತದೆ.

ರೈತರ ಗುರಿ ಈಗ ಸ್ಪ್ರಿಂಗ್‌ಫೀಲ್ಡ್‌ನ ಆರ್ಸೆನಲ್. ಖಡ್ಕಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಮದ್ದುಗುಂಡಿನ ಉಗ್ರಾಣ ಅಂದರೇನು, ಅದು ಯಾರ ಕೈಗೆ ಹೋದರೆ ಏನಾಗುತ್ತದೆ ಅಂತ ಅವರಿಂದಲೇ ಹೇಳಿಸಿ. ಉಗ್ರಾಣ ಇದ್ದದ್ದು ಒಕ್ಕೂಟ ಸರ್ಕಾರದ್ದು. ಆದರೆ ಆ ಒಕ್ಕೂಟಕ್ಕೆ ಅದನ್ನು ಕಾಯುವಷ್ಟು ಸೈನ್ಯವೇ ಇರಲಿಲ್ಲ. ವಿಲಿಯಂ ಶೆಪರ್ಡ್ ಅನ್ನುವ ಜನರಲ್ ರಾಜ್ಯದ ಸೈನ್ಯದೊಂದಿಗೆ ಒಳಗೆ ಹೋಗಿ ಕೂತರು, ಅಲ್ಲಿಯ ಫಿರಂಗಿಯನ್ನೇ ಬಳಸಿಕೊಂಡರು. ಮೂರು ಕಡೆಯಿಂದ ಒಟ್ಟಿಗೆ ನುಗ್ಗುವುದು ರೈತರ ಯೋಜನೆ. ಲ್ಯೂಕ್ ಡೇ ಜನವರಿ 25ರ ಬದಲು 26ಕ್ಕೆ ಬರುತ್ತೇನೆ ಅಂತ ಚೀಟಿ ಕಳಿಸಿದ. ಆ ಚೀಟಿ ಶೇಸ್‌ಗೆ ಸಿಗಲಿಲ್ಲ, ಶೆಪರ್ಡ್ ಕೈಗೆ ಸಿಕ್ಕಿತು. 1787ರ ಜನವರಿ 25ಕ್ಕೆ ಶೇಸ್ ತನ್ನ ಜನರನ್ನು ಹಿಮದಲ್ಲಿ ನಡೆಸಿಕೊಂಡು ಬಂದ. ಮೊದಲ ಗುಂಡುಗಳು ತಲೆಯ ಮೇಲೆ ಹೋದವು, ಆಮೇಲಿನವು ನೇರ ಗುಂಪಿಗೆ. ನಾಲ್ವರು ಸತ್ತರು, 20 ಜನ ಗಾಯಗೊಂಡರು, ರೈತರ ಕಡೆಯಿಂದ ತಿರುಗಿ ಕಾಳಗವೇ ಆಗಲಿಲ್ಲ. ಫೆಬ್ರವರಿ 3ರ ರಾತ್ರಿ ಲಿಂಕನ್ ಸೈನ್ಯ ಹಿಮಗಾಳಿಯಲ್ಲಿ ರಾತ್ರಿಯಿಡೀ ನಡೆದು ಪೀಟರ್‌ಶ್ಯಾಮ್‌ನಲ್ಲಿ ಇವರ ಮೇಲೆ ಬಿತ್ತು. ಸುಮಾರು 150 ಜನ ಸಿಕ್ಕಿಬಿದ್ದರು, ಶೇಸ್ ವರ್ಮಾಂಟ್ ಕಡೆಗೆ ಓಡಿದ. ಯುದ್ಧದ ಭಾಗ ಇಷ್ಟೇ. ಇದನ್ನು ಉದ್ದ ಮಾಡಬೇಡಿ.

ಇಲ್ಲಿ ಚಹಾ ಬಿಡುವು. ಮೊದಲೇ ಕೊಟ್ಟರೆ ಆಟ ಕೆಡುತ್ತದೆ.

ಬಿಡುವಿನ ನಂತರ ಸುಪೆಗೆ ಬನ್ನಿ. ಸುಪೆ ನಮ್ಮ ಪುಣೆ ಜಿಲ್ಲೆಯದೇ, ಈಗ ಬಾರಾಮತಿ ತಾಲೂಕು, ಮೋರಗಾಂವ್ ಗಣಪತಿ ಇರುವ ಅದೇ ತಾಲೂಕು. 1875ರ ಮೇ 12ಕ್ಕೆ ಅಲ್ಲಿಯ ಪೇಟೆಯಲ್ಲಿ ಸುತ್ತಲ ಹಳ್ಳಿಗಳ ರೈತರು ಸಾವಕಾರರ ಮನೆ ಅಂಗಡಿಗಳಿಗೆ ನುಗ್ಗಿ ಸಾಲಪತ್ರ, ಲೆಕ್ಕದ ವಹಿಗಳನ್ನು ಕೇಳಿ ತೆಗೆದುಕೊಂಡು ಸುಟ್ಟರು. ಕೆಲವೇ ದಿನಗಳಲ್ಲಿ ಅದು ಪುಣೆ, ಅಹಮದ್‌ನಗರ ಜಿಲ್ಲೆಗಳ ಬೇರೆ ಹಳ್ಳಿಗಳಿಗೂ ಹಬ್ಬಿತು. ಇದಕ್ಕೂ ಮೊದಲು ಶಿರೂರು ತಾಲೂಕಿನ ಕರ್ಡೆ ಗ್ರಾಮದಲ್ಲಿ ಸಾವಕಾರನಿಗೆ ಬಹಿಷ್ಕಾರ ಹಾಕಿದ್ದರು.

ಆಟದಲ್ಲಿ ಇದನ್ನು ತೋರಿಸುವುದು ಹೀಗೆ. ಐದನೇ ಕುರ್ಚಿಯನ್ನು ವಾಪಸ್ ಅದೇ ಜಾಗಕ್ಕೆ ತನ್ನಿ, ನ್ಯಾಯಾಧೀಶರು ಕೂತಿರಲಿ. ಈ ಸಲ ರೈತ ಎದ್ದು ಅಂಗಡಿಯವನ ಕೈಯಿಂದ ಚೀಟಿ ಕಿತ್ತುಕೊಂಡು ಹರಿದು ಹಾಕಬೇಕು. (ಹರಿದರೆ ಸಾಕು, ಕ್ಲಬ್‌ಹೌಸ್‌ನಲ್ಲಿ ಬೆಂಕಿ ಹಚ್ಚಬೇಡಿ.) ನ್ಯಾಯಾಧೀಶರು ಇದ್ದಾರೆ, ಆದರೆ ನೋಡಲು ಕಾಗದ ಇಲ್ಲ. ಅಲ್ಲಿ ಕುರ್ಚಿ ತೆಗೆದರು, ಇಲ್ಲಿ ಚೀಟಿ ಸುಟ್ಟರು. ಈ ಎರಡನ್ನು ಪಕ್ಕಪಕ್ಕ ತೋರಿಸಲಿಕ್ಕೇ ಇಡೀ ಸಂಜೆ. ಯಾಕೆ ಈ ವ್ಯತ್ಯಾಸ ಅಂತ ಕೇಳಿ. ನನಗೆ ಅನಿಸುವುದು ಇಷ್ಟು: ಮ್ಯಾಸಚೂಸೆಟ್ಸ್‌ನವರಿಗೆ ಕೋರ್ಟು ತಮ್ಮದು ಅನ್ನುವ ಭಾವನೆ ಇತ್ತು, ತಾವೇ ಹೋರಾಡಿ ಪಡೆದ ಸರ್ಕಾರ, ಅದು ಸರಿಹೋಗುವ ತನಕ ಮುಚ್ಚಿರಲಿ ಅಂದರು. ಸುಪೆಯವರಿಗೆ ಬ್ರಿಟಿಷರ ಕೋರ್ಟಿನ ಮೇಲೆ ಅಂಥ ಹಕ್ಕೇನೂ ಕಾಣಲಿಲ್ಲ, ಕೈಗೆ ಸಿಗುವುದು ಕಾಗದ ಮಾತ್ರ. ಒಪ್ಪದವರು ಇರುತ್ತಾರೆ, ವಾದ ಮಾಡಲಿ.

ಈ ಎರಡು ಕತೆಗೆ ನಡುವೆ ನಿಜವಾದ ಒಂದು ದಾರವೂ ಇದೆ, ಅದನ್ನು ಮರೆಯಬೇಡಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿಯ ವ್ಯಾಪಾರಿಗಳು ದಖ್ಖನಿನ ಹತ್ತಿಗೆ ಮುಗಿಬಿದ್ದರು. ಮುಂಬಯಿಯಿಂದ ಪಟ್ಟಣದ ಸಾವಕಾರ, ಅವನಿಂದ ಹಳ್ಳಿ ಸಾವಕಾರ, ಅವನಿಂದ ರೈತ, ಕೇಳಿದಷ್ಟು ಮುಂಗಡ. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಬಿತ್ತು, ಮೇಲಿನವರು ಕೈ ಎಳೆದುಕೊಂಡರು, ಅದರ ಮೇಲೆ ಸರ್ಕಾರ ಕಂದಾಯವನ್ನೂ ಏರಿಸಿತು. ಅದೇ ನಾಲ್ಕು ಕುರ್ಚಿ, ಹೆಸರು ಮಾತ್ರ ಬೇರೆ! ಜೊತೆಗೆ 1859ರ ಒಂದು ಕಾಯ್ದೆ ಸಾಲಪತ್ರಕ್ಕೆ ಮೂರು ವರ್ಷದ ಅವಧಿ ಇಟ್ಟಿತ್ತು, ರೈತನಿಗೆ ಅನುಕೂಲ ಆಗಲಿ ಅಂತಲೇ. ಆಗಿದ್ದು ಉಲ್ಟಾ. ಮೂರು ವರ್ಷಕ್ಕೊಮ್ಮೆ ಸಾವಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡ. ಹೊಸ ಪತ್ರ, ಹೊಸ ಬಡ್ಡಿ.

ಸುಪೆಯ ವಿಷಯ ಬಂದಾಗ ಒಂದು ಎಚ್ಚರ ಬೇಕು. ಅಲ್ಲಿಯ ಸಾವಕಾರರು ಮಾರವಾಡಿ, ಗುಜರಾತಿ ಸಮಾಜದವರು. ನಿಮ್ಮ ಸೊಸೈಟಿಯಲ್ಲೂ ಆ ಸಮಾಜದವರು ಇರುತ್ತಾರೆ, ಬಾಗಿಲು ತೆರೆದಿರುತ್ತದೆ, ಮಾತು ಜಾತಿಯ ಕಡೆ ಜಾರಿದರೆ ತಕ್ಷಣ ನಿಲ್ಲಿಸಿ. ಮೂರನೇ ಕುರ್ಚಿಯವನ ಮೇಲೂ ಎರಡು ಕುರ್ಚಿ ಇವೆ ಅಂತ ತೋರಿಸಿ. ಮ್ಯಾಸಚೂಸೆಟ್ಸ್‌ನಲ್ಲಿ ಅಂಗಡಿಯವನೂ ರೈತನೂ ಒಂದೇ ಜನ, ಎಷ್ಟೋ ಕಡೆ ಒಂದೇ ಚರ್ಚಿಗೆ ಹೋಗುವವರು. ಆದರೂ ಅದೇ ಆಯಿತಲ್ಲ.

ಕೊನೆಯ ಭಾಗ, ಆಮೇಲೆ ಏನಾಯಿತು. ಸುಮಾರು 4,000 ಜನ ತಪ್ಪೊಪ್ಪಿಗೆ ಬರೆದುಕೊಟ್ಟು ಕ್ಷಮೆ ಪಡೆದರು. ಕ್ಷಮೆಗೆ ಷರತ್ತು ಏನು ಗೊತ್ತಾ? ಮೂರು ವರ್ಷ ಓಟಿಲ್ಲ, ಮೇಷ್ಟ್ರ ಕೆಲಸ ಇಲ್ಲ, ಖಾನಾವಳಿ ನಡೆಸುವಂತಿಲ್ಲ. ಜನ ಕೂತು ಮಾತಾಡುವ ಜಾಗಗಳನ್ನೇ ಹುಡುಕಿ ಬಂದ್ ಮಾಡಿದಂತಿದೆ. ಗಲ್ಲಿಗೆ ಹೋದವರು ಇಬ್ಬರು, ಜಾನ್ ಬ್ಲೈ ಮತ್ತು ಚಾರ್ಲ್ಸ್ ರೋಸ್. ಶೇಸ್‌ಗೆ 1788ರಲ್ಲಿ ಕ್ಷಮೆ ಸಿಕ್ಕಿತು, 1825ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತೀರಿಕೊಂಡ. 1787ರ ಚುನಾವಣೆಯಲ್ಲಿ ಬೌಡನ್ ಹೀನಾಯವಾಗಿ ಸೋತರು, ಹ್ಯಾನ್‌ಕಾಕ್ ವಾಪಸ್ ಬಂದರು, ತೆರಿಗೆ ಇಳಿಯಿತು, ಸಾಲ ವಸೂಲಿಗೆ ತಡೆ ಬಿತ್ತು. ಹಾಗಾದರೆ ಸೋತವರು ಯಾರು?

ಆದರೆ ಅದೇ ವರ್ಷ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆಯಲಾಯಿತು. ಶೇಸ್‌ನಿಂದಲೇ ಸಂವಿಧಾನ ಬಂತು ಅಂತ ಹೇಳಿಬಿಡಬೇಡಿ, ಅಂಥ ಸಭೆ ಕರೆಯಬೇಕು ಅಂತ 1786ರ ಸೆಪ್ಟೆಂಬರ್‌ನಲ್ಲೇ ಅನ್ನಾಪೊಲಿಸ್‌ನಲ್ಲಿ ಸೇರಿದ ಕೆಲವು ರಾಜ್ಯಗಳ ಪ್ರತಿನಿಧಿಗಳು ಹೇಳಿದ್ದರು. ದಂಗೆ ಮಾಡಿದ್ದು ಹೆದರಿಕೆ ಹುಟ್ಟಿಸುವ ಕೆಲಸ, ವಾಷಿಂಗ್ಟನ್ ಅಂಥವರಿಗೂ ಹೆದರಿಕೆ. ಅದರ ಗುರುತು ಸಂವಿಧಾನದಲ್ಲಿ ಇದೆ: ಯಾವ ರಾಜ್ಯವೂ ಕಾಗದದ ಹಣ ಹೊರಡಿಸುವಂತಿಲ್ಲ, ಮಾಡಿಕೊಂಡ ಒಪ್ಪಂದದ ಬಾಧ್ಯತೆಯನ್ನು ದುರ್ಬಲ ಮಾಡುವ ಕಾನೂನು ತರುವಂತಿಲ್ಲ, ದಂಗೆ ಎದ್ದರೆ ಕೇಂದ್ರ ಸೈನ್ಯ ಕರೆಯಬಹುದು. ಆಟದ ಲೆಕ್ಕದಲ್ಲಿ ಹೇಳುವುದಾದರೆ ಐದನೇ ಕುರ್ಚಿಯನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದರು. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದ ಜೆಫರ್ಸನ್ ಮಾತ್ರ ಆಗೀಗ ಸಣ್ಣ ದಂಗೆ ಆಗುವುದು ಒಳ್ಳೆಯದೇ ಅಂತ, ಸಂವಿಧಾನ ಬರೆದವರಲ್ಲಿ ಒಬ್ಬರಾದ ಮ್ಯಾಡಿಸನ್‌ಗೆ ಬರೆದರು. ದೂರ ಇದ್ದವರಿಗೆ ಹೇಳುವುದು ಸುಲಭ.

ನಮ್ಮ ಕಡೆ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ. ಸೊಲ್ಲಾಪುರದ ಕನ್ನಡದವರ ಮುತ್ತಾತಂದಿರಿಗೂ ಇದು ಅನ್ವಯ ಆಗಿತ್ತು ಅನ್ನಿ, ಕಿವಿ ನಿಮಿರುತ್ತದೆ. ಅಲ್ಲಿ ಕುರ್ಚಿಗೆ ಮೊಳೆ ಬಿತ್ತು, ಇಲ್ಲಿ ಕುರ್ಚಿಯಲ್ಲಿ ಕೂತವರಿಗೆ ಹೊಸ ಕೆಲಸ ಬಂತು: ಸುಮ್ನೆ ಚೀಟಿ ನೋಡಿ ಡಿಕ್ರಿ ಕೊಡಬೇಡಿ, ಅದರ ಹಿಂದಿನ ಪೂರ್ತಿ ಲೆಕ್ಕ ತೆಗೆಸಿ ನೋಡಿ ಅಂತ.

ಉಳಿದ ಅರ್ಧ ಗಂಟೆ ಪ್ರಶ್ನೆಗಳಿಗೆ. ಸಾಲಮನ್ನಾ ವಿಷಯ ಬಂದೇ ಬರುತ್ತದೆ, ತಡೆಯಬೇಡಿ, ಆದರೆ ಪಕ್ಷಗಳ ಹೆಸರು ಬೇಡ ಅಂತ ಮೊದಲೇ ಹೇಳಿ. ರೈತನ ಪರ ಮಾತಾಡಲು ಎಲ್ಲರೂ ಇರುತ್ತಾರೆ. ಹಾಗಾಗಿ ಬಾಸ್ಟನ್ ಕುರ್ಚಿಯ ಪರ ವಾದಿಸಲು ಒಬ್ಬರನ್ನು ಒಂದು ವಾರ ಮುಂಚೆಯೇ ಗೊತ್ತು ಮಾಡಿಕೊಳ್ಳಿ, ನಾನೂ ಲಂಡನ್ನಿಗೆ ಕೊಡಬೇಕಲ್ಲ, ಎಲ್ಲಿಂದ ತರಲಿ ಅಂತ ಕೇಳಬಲ್ಲ ಗಟ್ಟಿ ಬಾಯಿಯವರಾಗಿರಲಿ. ಲಕ್ಷ್ಮೀ ರಸ್ತೆಯಲ್ಲೋ ಮಾರ್ಕೆಟ್ ಯಾರ್ಡ್‌ನಲ್ಲೋ ಅಂಗಡಿ ಇರುವ ಕನ್ನಡದವರು ಸಿಕ್ಕರೆ ಬಿಡಬೇಡಿ.